ಹನಿಯೊಳಗಿನ ಒಡಲು: ಕಿರುಜೀವಿಗಳ ದೇಹರಚನೆಯನ್ನು ಮನುಷ್ಯ ಅರಿತ ಬಗೆ



"ಪ್ಯಾರಮೀಸಿಯಂನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬ ಪ್ರಶ್ನೆ ಒಮ್ಮೆಯಾದರೂ ನಿಮ್ಮ ಎದುರಿಗೆ ಬಂದಿರುತ್ತದೆ. ಚಪ್ಪಲಿಯ ಅಟ್ಟೆಯಂತಹ ಒಂದು ಆಕಾರ; ಅದರ ಅಂಚಿನ ಉದ್ದಕ್ಕೂ ಕೂದಲಿನಂತಹ ಲೋಮಾಂಗಗಳು; ನಡುವೆ ದೊಡ್ಡದೊಂದು, ಚಿಕ್ಕದೊಂದು ಕೋಶಕೇಂದ್ರ; ಎರಡೂ ತುದಿಗಳ ಬಳಿ ನಕ್ಷತ್ರದಂತಹ ಸಂಕೋಚಕ ರಸದಾನಿ; ಅಲ್ಲಲ್ಲಿ ಗುಂಡಗಿನ ಆಹಾರ ರಸದಾನಿಗಳು. ಐದು ನಿಮಿಷದಲ್ಲಿ ಚಿತ್ರ ಮುಗಿಯುತ್ತದೆ, ಅಂಕವೂ ಬರುತ್ತದೆ.

ಆದರೆ ಇದೇ ಪ್ರಶ್ನೆಯನ್ನು 1838ರಲ್ಲಿ ಬರ್ಲಿನ್ ನಗರದ ವಿದ್ಯಾರ್ಥಿಯೊಬ್ಬನಿಗೆ ಕೇಳಿದ್ದರೆ? ಅವನು ಆಹಾರ ರಸದಾನಿಯ ಮುಂದೆ 'ಜಠರ' ಎಂದು ಬರೆಯುತ್ತಿದ್ದ. ಕೋಶಕೇಂದ್ರದ ಮುಂದೆ 'ವೃಷಣ' ಎಂದು ಬರೆಯುತ್ತಿದ್ದ. ಅಂದಿನ ಅತ್ಯುತ್ತಮ ಗ್ರಂಥ ಹಾಗೆಯೇ ಹೇಳುತ್ತಿದ್ದುದರಿಂದ ಅವನಿಗೂ ಪೂರ್ಣ ಅಂಕ ಬರುತ್ತಿತ್ತು!

ಚಿತ್ರ ಒಂದೇ, ಜೀವಿಯೂ ಒಂದೇ. ಬದಲಾದದ್ದು ಗೆರೆಯ ತುದಿಯಲ್ಲಿ ಬರೆಯುವ ಹೆಸರು. ಆ ಹೆಸರು ಬದಲಾಗುವುದಕ್ಕೆ ಎರಡು ನೂರು ವರ್ಷಗಳೇ ಬೇಕಾದವು. ದೂರದರ್ಶನದ ಪರದೆಯ ಮೇಲೆ ಈ ಜೀವಿಗಳು ಕೆಲವು ಕ್ಷಣ ಈಜಿ ಮರೆಯಾಗುತ್ತವೆ. ಅವುಗಳ ಒಡಲನ್ನು ಮನುಷ್ಯ ಅರಿತುಕೊಂಡ ಬಗೆಯನ್ನು ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ.

ಬಟ್ಟೆ ವ್ಯಾಪಾರಿಯ ಮಸೂರ

ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನಲ್ಲಿ ಆಂಟನಿ ವಾನ್ ಲೀವೆನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿ ಇದ್ದ. 1632ರಲ್ಲಿ ಹುಟ್ಟಿದ ಆತ ಯಾವ ವಿಶ್ವವಿದ್ಯಾನಿಲಯದಲ್ಲೂ ಓದಿದವನಲ್ಲ; ಪಂಡಿತರ ಭಾಷೆಯಾದ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ಆದರೆ ಅವನ ಕೈಯಲ್ಲಿ ಒಂದು ವಿದ್ಯೆ ಇತ್ತು. ಅಕ್ಕಿಕಾಳಿಗಿಂತ ಸಣ್ಣದಾದ ಗಾಜಿನ ಮಸೂರಗಳನ್ನು ಮಾಡಿ, ಅವನ್ನು ಲೋಹದ ತಗಡಿನ ನಡುವೆ ಕೂರಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದ. ಇಂದಿಗೂ ಉಳಿದಿರುವ ಅವನ ಮಸೂರಗಳಲ್ಲೊಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

1674ರಲ್ಲಿ ಅವನು ಕೆರೆಯ ನೀರನ್ನು ನೋಡಿದ. ಮುಂದೆ ಮಳೆಯ ನೀರನ್ನೂ, ಮೆಣಸಿನ ಕಾಳು ನೆನೆಹಾಕಿದ ನೀರನ್ನೂ ನೋಡಿದ. ಮೆಣಸನ್ನು ನೆನೆಹಾಕಿದ್ದು ಅದರ ಖಾರ ಎಲ್ಲಿಂದ ಬರುತ್ತದೆಂದು ತಿಳಿಯುವುದಕ್ಕೆ. ಖಾರದ ಗುಟ್ಟು ಸಿಗಲಿಲ್ಲ. ಸಿಕ್ಕಿದ್ದು ಒಂದು ಹನಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಓಡಾಡುವ ಜೀವಿಗಳು! 1676ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ದೀರ್ಘ ಪತ್ರದಲ್ಲಿ ಅವನು ಇವನ್ನೆಲ್ಲ ವರ್ಣಿಸಿದ. ಅಲ್ಲಿನ ವಿದ್ವಾಂಸರು ಮೊದಲು ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ತಾನೇ ಮೆಣಸಿನ ನೀರು ಸಿದ್ಧಪಡಿಸಿ, ಸೊಸೈಟಿಯ ಸದಸ್ಯರಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ನಂಬಿದರು.

ಲೀವೆನ್‌ಹುಕ್ ಬಹಳ ಪ್ರಾಮಾಣಿಕ ನೋಟಗಾರ. ಗಂಟೆಯಾಕಾರದ ವೋರ್ಟಿಸೆಲ್ಲಾ ತನ್ನ ದಾರದಂತಹ ಕಾಲನ್ನು ಸುರುಳಿಯಾಗಿ ಮುದುರಿಕೊಳ್ಳುವುದನ್ನು ಅವನು ಸರಿಯಾಗಿ ಕಂಡಿದ್ದ. ಆದರೆ ಕಂಡದ್ದಕ್ಕೆ ಹೆಸರಿಡುವಾಗ ಅವನಿಗೆ ಗೊತ್ತಿದ್ದದ್ದು ದೊಡ್ಡ ಪ್ರಾಣಿಗಳ ದೇಹ ಮಾತ್ರ. ಲೋಮಾಂಗಗಳು ಅವನಿಗೆ ಪುಟ್ಟ ಕಾಲುಗಳಾಗಿ ಕಂಡವು. ಇಷ್ಟು ಚಿಕ್ಕ ಪ್ರಾಣಿಯ ಒಳಗೆ ಇರಬೇಕಾದ ನಾಳಗಳು ಇನ್ನೆಷ್ಟು ಸೂಕ್ಷ್ಮವಾಗಿರಬೇಕು ಎಂದು ಅವನು ಲೆಕ್ಕ ಹಾಕತೊಡಗಿದ. ಆ ನಾಳಗಳು ಇವೆಯೇ ಎಂಬ ಪ್ರಶ್ನೆ ಅವನ ಮುಂದೆ ಬರಲೇ ಇಲ್ಲ. ಪ್ರಾಣಿ ಎಂದಮೇಲೆ ಹೊಟ್ಟೆ, ಕರುಳು, ನಾಳ ಇರಲೇಬೇಕಲ್ಲವೇ?

ಈ 'ಇರಲೇಬೇಕು' ಎಂಬ ನಂಬಿಕೆಯೇ ನಮ್ಮ ಕಥೆಯ ತಿರುಳು. ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು ಏಕಕೋಶ ಜೀವಿಯಿಂದಲ್ಲ. ಬರಿಗಣ್ಣಿಗೆ ಕಾಣುವ, ಅರ್ಧ ಅಂಗುಲವೂ ಇಲ್ಲದ ಒಂದು ಸರಳ ಅಕಶೇರುಕದಿಂದ.

ಕತ್ತರಿಸಿದರೂ ಸಾಯದ ಪ್ರಾಣಿ

ಅಬ್ರಹಾಂ ಟ್ರೆಂಬ್ಲೆ ಜಿನೀವಾ ನಗರದವನು. ಹಾಲೆಂಡಿನ ಹೇಗ್ ಪಟ್ಟಣದ ಬಳಿ ಬೆಂಟಿಂಕ್ ಎಂಬ ಶ್ರೀಮಂತನ ಇಬ್ಬರು ಗಂಡುಮಕ್ಕಳಿಗೆ ಮನೆಪಾಠ ಹೇಳುವುದು ಅವನ ಕೆಲಸ. 1740ರ ಬೇಸಿಗೆಯಲ್ಲಿ ಹಳ್ಳದ ನೀರುಸಸ್ಯಗಳನ್ನು ಗಾಜಿನ ಜಾಡಿಯಲ್ಲಿಟ್ಟು ನೋಡುತ್ತಿದ್ದಾಗ, ಅವುಗಳಿಗೆ ಅಂಟಿಕೊಂಡಿದ್ದ ಹಸಿರು ಬಣ್ಣದ ಪುಟ್ಟ ಕೊಳವೆಗಳು ಅವನ ಗಮನ ಸೆಳೆದವು. ಕೊಳವೆಯ ತುದಿಯಲ್ಲಿ ನೂಲಿನಂತಹ ಕೈಗಳು. ಇಂದು ನಾವು ಹೈಡ್ರಾ ಎಂದು ಕರೆಯುವ ಜೀವಿ ಅದು. ಲೀವೆನ್‌ಹುಕ್ ಕೂಡ 1702ರಲ್ಲಿ ಇದನ್ನು ಕಂಡು ಬರೆದಿದ್ದ.

ಇದು ಗಿಡವೋ ಪ್ರಾಣಿಯೋ? ಬಣ್ಣ ನೋಡಿದರೆ ಗಿಡ. ಜಾಡಿಯನ್ನು ಅಲುಗಾಡಿಸಿದರೆ ಮುದುರಿಕೊಳ್ಳುವುದನ್ನು ನೋಡಿದರೆ ಪ್ರಾಣಿ. ಟ್ರೆಂಬ್ಲೆ ಒಂದು ಪರೀಕ್ಷೆ ಯೋಚಿಸಿದ. ಗಿಡದ ರೆಂಬೆಯನ್ನು ಕತ್ತರಿಸಿ ನೆಟ್ಟರೆ ಚಿಗುರುತ್ತದೆ. ಪ್ರಾಣಿಯನ್ನು ಕತ್ತರಿಸಿದರೆ ಸಾಯುತ್ತದೆ. 1740ರ ನವೆಂಬರ್ 25ರಂದು ಅವನು ಹೈಡ್ರಾವನ್ನು ಅಡ್ಡಲಾಗಿ ಎರಡು ತುಂಡು ಮಾಡಿದ. ಎರಡೂ ತುಂಡುಗಳು ಬದುಕಿದವು. ಕೆಲವೇ ದಿನಗಳಲ್ಲಿ ಬಾಲದ ತುಂಡಿಗೆ ಹೊಸ ಕೈಗಳು ಮೂಡಿದವು, ತಲೆಯ ತುಂಡಿಗೆ ಹೊಸ ಬುಡ ಬಂತು.

ಹಾಗಾದರೆ ಇದು ಗಿಡ ಎನ್ನಬೇಕಷ್ಟೆ. ಆದರೆ ಆ 'ಗಿಡ' ನಡೆಯುತ್ತಿತ್ತು. ಬಾಗಿ, ಕೈಗಳನ್ನು ಊರಿ, ಬುಡವನ್ನು ಎತ್ತಿ, ಲಾಗ ಹಾಕುವ ಹುಡುಗನಂತೆ ಸಾಗುತ್ತಿತ್ತು. ನೀರುಚಿಗಟಗಳನ್ನು ಹಿಡಿದು ನುಂಗುತ್ತಿತ್ತು. ಟ್ರೆಂಬ್ಲೆ ಗೊಂದಲಕ್ಕೆ ಬಿದ್ದು ಫ್ರಾನ್ಸಿನ ಪ್ರಸಿದ್ಧ ವಿಜ್ಞಾನಿ ರೆಯೋಮರ್‌ಗೆ ಬರೆದ; ಜೀವಂತ ಹೈಡ್ರಾಗಳನ್ನೇ ಅಂಚೆಯಲ್ಲಿ ಕಳುಹಿಸಿದ. 1741ರಲ್ಲಿ ರೆಯೋಮರ್ ಇದು ಪ್ರಾಣಿಯೇ ಎಂದು ಒಪ್ಪಿದ. ಟ್ರೆಂಬ್ಲೆ ಅಲ್ಲಿಗೆ ನಿಲ್ಲಲಿಲ್ಲ. ತಲೆಯನ್ನು ಸೀಳಿ ಏಳು ತಲೆಯ ಹೈಡ್ರಾ ಮಾಡಿದ. ಹಂದಿಯ ಕೂದಲೊಂದರ ಸಹಾಯದಿಂದ, ಚೀಲವನ್ನು ಮಗುಚುವಂತೆ ಅದರ ಒಳಭಾಗವನ್ನು ಹೊರಕ್ಕೆ ತಿರುಗಿಸಿದ. ಆಗಲೂ ಅದು ಬದುಕಿ ಊಟ ಮಾಡಿತು! 1743ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿತು. ಮರುವರ್ಷ ಅವನ ಗ್ರಂಥ ಹೊರಬಂತು.

ಇದರಿಂದ ಯೂರೋಪಿನ ಪಂಡಿತರು ಬೆಚ್ಚಿಬಿದ್ದರು. ಹೃದಯ ಕಿತ್ತರೆ, ತಲೆ ಕಡಿದರೆ ಪ್ರಾಣ ಹೋಗುತ್ತದೆ; ಹಾಗಾಗಿ ಪ್ರಾಣಕ್ಕೆ ದೇಹದಲ್ಲಿ ಒಂದು ನೆಲೆ ಇದೆ ಎಂಬುದು ಅವರ ನಂಬಿಕೆ. ಒಂದು ಪ್ರಾಣಿಯನ್ನು ತುಂಡು ಮಾಡಿದರೆ ಒಂದೊಂದು ತುಂಡೂ ಪೂರ್ಣ ಪ್ರಾಣಿಯಾಗುವುದಾದರೆ ಪ್ರಾಣವೂ ತುಂಡಾಯಿತೇ? ಈ ಪ್ರಶ್ನೆಗೆ ಉತ್ತರ ಹೈಡ್ರಾದ ರಚನೆಯಲ್ಲಿಯೇ ಇದೆ. ಅದರಲ್ಲಿ ಹೃದಯವಿಲ್ಲ, ಮೆದುಳಿಲ್ಲ, ರಕ್ತವಿಲ್ಲ, ಉಸಿರಾಟದ ಅಂಗವಿಲ್ಲ. ದೇಹವೆಂದರೆ ಎರಡು ಪದರ ಜೀವಕೋಶಗಳ ಒಂದು ಚೀಲ. ಪದರಗಳ ನಡುವೆ ತೆಳುವಾದ ಲೋಳೆ. ಚೀಲಕ್ಕೆ ಇರುವುದು ಒಂದೇ ದ್ವಾರ. ಆಹಾರ ಒಳಗೆ ಹೋಗುವುದೂ ಅಲ್ಲಿಂದಲೇ, ಕಸ ಹೊರಗೆ ಬರುವುದೂ ಅಲ್ಲಿಂದಲೇ. ಕೈಗಳಲ್ಲಿ ಕುಟುಕು ಕಣಗಳು; ಮೈಯೆಲ್ಲ ಹರಡಿದ ನರಗಳ ಒಂದು ಬಲೆ. ಕೆಲಸ ಒಂದೇ ಕಡೆ ಕೇಂದ್ರೀಕೃತವಾಗಿಲ್ಲವಾದ್ದರಿಂದ ತುಂಡಿಗೂ ಬದುಕುವ ಶಕ್ತಿ ಉಳಿಯುತ್ತದೆ. ನಮ್ಮ ಕೆರೆಕುಂಟೆಗಳ ನೀರುಸಸ್ಯಗಳ ಎಲೆಗಳ ಅಡಿಯಲ್ಲಿಯೂ ಹೈಡ್ರಾ ಸಿಗುತ್ತದೆ, ತಾಳ್ಮೆಯಿಂದ ಹುಡುಕಬೇಕು.

ಇಂಥದೇ ಇನ್ನೊಂದು ಪಾಠವನ್ನು ಕಲಿಸಿದ್ದು ಸ್ಪಂಜು. ಅದಕ್ಕೆ ಬಾಯಿ ಎಲ್ಲಿದೆ ಎಂದು ಹುಡುಕಿ ಹುಡುಕಿ ಸಾಕಾಗಿ, ಕೆಲವರು ಅದು ಸಸ್ಯವೆಂದೇ ತೀರ್ಮಾನಿಸಿದ್ದರು. 1825ರಲ್ಲಿ ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜಿನ ತುಂಡೊಂದನ್ನು ಸಮುದ್ರದ ನೀರಿನಲ್ಲಿಟ್ಟು, ಸೂಕ್ಷ್ಮದರ್ಶಕದ ಅಡಿಯಲ್ಲಿ ಸುಮ್ಮನೆ ನೋಡುತ್ತ ಕುಳಿತ. ಅದರ ದೊಡ್ಡ ರಂಧ್ರದಿಂದ ನೀರು ಕಾರಂಜಿಯಂತೆ ಹೊರಕ್ಕೆ ಚಿಮ್ಮುತ್ತಿತ್ತು. ನೀರು ಒಳಗೆ ಹೋಗುತ್ತಿದ್ದದ್ದು ಮೈತುಂಬ ಇರುವ ಸಾವಿರಾರು ಕಿರುರಂಧ್ರಗಳಿಂದ. ನಮ್ಮ ಹಾಗೆ ಒಂದು ಬಾಯಿ ಇರಬೇಕೆಂದು ಹುಡುಕಿದವರಿಗೆ ಏನೂ ಸಿಗಲಿಲ್ಲ. ನೀರು ಎತ್ತ ಹರಿಯುತ್ತದೆಂದು ನೋಡಿದವನಿಗೆ ಇಡೀ ವ್ಯವಸ್ಥೆ ತಿಳಿಯಿತು. ಸ್ಪಂಜುಗಳ ವರ್ಗಕ್ಕೆ 'ರಂಧ್ರಧಾರಿ' ಎಂಬ ಅರ್ಥದ ಪೊರಿಫೆರಾ ಎಂಬ ಹೆಸರನ್ನು ಕೊಟ್ಟವನೂ ಅವನೇ.

ನೀಲಿ ತಿನ್ನಿಸಿದ ಪ್ರಯೋಗ

ಈಗ ಮತ್ತೆ ನೀರಿನ ಹನಿಗೆ ಬರೋಣ. ಲೀವೆನ್‌ಹುಕ್ ಕಂಡ ಜೀವಿಗಳಿಗೆ ಹದಿನೆಂಟನೆಯ ಶತಮಾನದಲ್ಲಿ 'ಇನ್‌ಫ್ಯೂಸೋರಿಯ' ಎಂಬ ಹೆಸರು ಬಂದಿತ್ತು. ಎಲೆ, ಹುಲ್ಲು ನೆನೆಸಿದ ನೀರಿನಲ್ಲಿ ಕಾಣುವ ಜೀವಿಗಳು ಎಂದು ಅರ್ಥ. 1755ರಲ್ಲಿ ನ್ಯೂರೆಂಬರ್ಗ್‌ನ ಚಿತ್ರಕಾರ ರೋಸೆಲ್ ಫಾನ್ ರೋಸೆನ್‌ಹೋಫ್ ಅಮೀಬಾವನ್ನು ಚಿತ್ರಿಸಿದ್ದ. 1786ರಲ್ಲಿ ಡೆನ್ಮಾರ್ಕಿನ ಒ. ಎಫ್. ಮ್ಯೂಲರ್‌ನ ಗ್ರಂಥ, ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ ಪ್ರಕಟವಾಗಿ, ಇವುಗಳನ್ನು ಮೊದಲ ಬಾರಿಗೆ ಕ್ರಮವಾಗಿ ವರ್ಗೀಕರಿಸಿತು. ಆದರೆ ಇವುಗಳ ಒಳಗೆ ಏನಿದೆ ಎಂಬುದು ಇತ್ಯರ್ಥವಾಗಿರಲಿಲ್ಲ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಬರ್ಲಿನ್ನಿನ ಕ್ರಿಶ್ಚಿಯನ್ ಗಾಟ್‌ಫ್ರೀಡ್ ಏರೆನ್‌ಬರ್ಗ್. ಅವನು ಸಾಮಾನ್ಯನಲ್ಲ, 1829ರಲ್ಲಿ ಮಹಾ ಅನ್ವೇಷಕ ಹುಂಬೋಲ್ಟನ ಜೊತೆ ಸೈಬೀರಿಯದವರೆಗೆ ಸಂಚರಿಸಿದವನು. ಮರುವರ್ಷ ಅವನು ವರದಿ ಮಾಡಿದ ಪ್ರಯೋಗ ಬಹಳ ಸರಳವಾದದ್ದು. ಕಿರುಜೀವಿಗಳಿರುವ ನೀರಿಗೆ ನೀಲಿ ಬಣ್ಣದ ಪುಡಿಯನ್ನೋ ಕಾರ್ಮೈನ್ ಎಂಬ ಕೆಂಪು ಬಣ್ಣವನ್ನೋ ಬೆರೆಸಿದ. ಜೀವಿಗಳು ಬಣ್ಣದ ಕಣಗಳನ್ನು ನುಂಗಿದವು. ಪಾರದರ್ಶಕವಾದ ಅವುಗಳ ಮೈಯಲ್ಲಿ ನೀಲಿ ನೀಲಿ ಗುಂಡುಗಳು ಒಂದಾದ ಮೇಲೊಂದು ಮೂಡಿದವು.

ಈಗ ನೀವೇ ಹೇಳಿ, ಇದನ್ನು ಕಂಡರೆ ಏನೆನ್ನುತ್ತೀರಿ? ಆಹಾರ ಹೋಗಿ ಸೇರಿದ ಜಾಗ ಹೊಟ್ಟೆಯೇ ತಾನೆ? ಏರೆನ್‌ಬರ್ಗ್ ಹಾಗೆಯೇ ಅಂದ. ಗುಂಡುಗಳು ಹಲವಾರು ಇದ್ದುದರಿಂದ ಈ ಜೀವಿಗೆ ಹಲವು ಹೊಟ್ಟೆಗಳಿವೆ ಎಂದು, ಇಡೀ ಗುಂಪಿಗೆ 'ಬಹುಜಠರಿಗಳು' ಎಂಬ ಅರ್ಥದ ಪಾಲಿಗ್ಯಾಸ್ಟ್ರಿಕ ಎಂಬ ಹೆಸರಿಟ್ಟ. ಗೊಂಚಲಿನಲ್ಲಿ ದ್ರಾಕ್ಷಿ ಇರುವಂತೆ ಈ ಹೊಟ್ಟೆಗಳನ್ನೆಲ್ಲ ಕೂಡಿಸುವ ಕರುಳನ್ನೂ ಚಿತ್ರಿಸಿದ. ಕೋಶಕೇಂದ್ರ ವೃಷಣವಾಯಿತು; ಮಿಡಿಯುವ ಸಂಕೋಚಕ ರಸದಾನಿ ವೀರ್ಯಕೋಶವಾಯಿತು. ಹಸಿರು ಬಣ್ಣದ ಒಂದು ಜೀವಿಯಲ್ಲಿ ಕಂಡ ಕೆಂಪು ಚುಕ್ಕೆ ಕಣ್ಣಾಯಿತು. ಅದಕ್ಕೆ 'ಒಳ್ಳೆಯ ಕಣ್ಣುಗುಡ್ಡೆ' ಎಂಬ ಅರ್ಥದ ಯೂಗ್ಲೀನಾ ಎಂಬ ಹೆಸರನ್ನು ಕೊಟ್ಟ. 1838ರಲ್ಲಿ 64 ಬಣ್ಣದ ಫಲಕಗಳೊಂದಿಗೆ ಹೊರಬಂದ ಅವನ ಬೃಹದ್ಗ್ರಂಥದ ಹೆಸರೇ ಈ ಜೀವಿಗಳು 'ಪರಿಪೂರ್ಣ ಜೀವಿಗಳು' ಎಂದು ಸಾರುತ್ತಿತ್ತು.

ಏರೆನ್‌ಬರ್ಗನ ಹಟಕ್ಕೆ ಒಂದು ಕಾರಣವಿತ್ತು. ಕೊಳೆತ ನೀರಿನಲ್ಲಿ ಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂದು ನಂಬಿದ್ದ ಪಂಡಿತರು ಆಗ ಅನೇಕರಿದ್ದರು. ಇವು ಬರೀ ಲೋಳೆಯಾದರೆ ಕೊಳೆಯಿಂದ ಹುಟ್ಟಬಹುದು. ಹೊಟ್ಟೆ, ಕಣ್ಣು, ವೃಷಣಗಳಿರುವ ಪ್ರಾಣಿಗಳಾದರೆ ತಾಯಿತಂದೆಗಳಿಂದಲೇ ಹುಟ್ಟಬೇಕು. ಜೀವ ಜೀವದಿಂದಲೇ ಬರುತ್ತದೆ ಎಂಬ ಅವನ ನಿಲುವು ಸರಿಯಾಗಿತ್ತು. 1860ರ ಸುಮಾರಿಗೆ ಲೂಯಿ ಪಾಶ್ಚರ್ ಅದನ್ನು ಪ್ರಯೋಗದಿಂದ ತೋರಿಸಿದ. ಆದರೆ ಸರಿಯಾದ ನಿಲುವಿಗೆ ಏರೆನ್‌ಬರ್ಗ್ ಕೊಟ್ಟ ಸಾಕ್ಷಿ ತಪ್ಪಾಗಿತ್ತು.

ಗಡಿಯಾರ ಮಾಡುವವನ ಮಗ

ತಪ್ಪನ್ನು ಎತ್ತಿ ತೋರಿಸಿದವನು ಫ್ರಾನ್ಸಿನ ಫೆಲಿಕ್ಸ್ ದುಜಾರ್ಡಿನ್. ತೂರ್ ಎಂಬ ಊರಿನ ಗಡಿಯಾರ ಮಾಡುವವನ ಮಗ. ವಿಜ್ಞಾನವನ್ನು ಬಹುಮಟ್ಟಿಗೆ ಸ್ವಂತವಾಗಿ ಕಲಿತವನು. ಅವನ ಅನುಮಾನ ಶುರುವಾದದ್ದು ಫೊರಾಮಿನಿಫೆರಾ ಎಂಬ ಸಮುದ್ರದ ಕಿರುಜೀವಿಗಳಿಂದ. ಇವುಗಳ ಸುರುಳಿ ಚಿಪ್ಪು ನಾಟಿಲಸ್ ಎಂಬ ಪ್ರಾಣಿಯ ಚಿಪ್ಪನ್ನು ಹೋಲುತ್ತದೆ. ಹೀಗಾಗಿ 1826ರಲ್ಲಿ ಆಲ್ಸಿಡ್ ದೊರ್ಬಿನ್ಯಿ ಎಂಬ ವಿಜ್ಞಾನಿ ಇವನ್ನು ಆಕ್ಟೊಪಸ್, ನಾಟಿಲಸ್‌ಗಳ ವರ್ಗಕ್ಕೇ ಸೇರಿಸಿಬಿಟ್ಟಿದ್ದ. ದುಜಾರ್ಡಿನ್ ಜೀವಂತ ಫೊರಾಮಿನಿಫೆರಾಗಳನ್ನು ನೋಡಿದ. ಚಿಪ್ಪಿನೊಳಗೆ ಆಕ್ಟೊಪಸ್‌ನ ತಲೆಯೂ ಇರಲಿಲ್ಲ, ಕೈಗಳೂ ಇರಲಿಲ್ಲ. ಚಿಪ್ಪಿನ ರಂಧ್ರಗಳಿಂದ ಹೊರಕ್ಕೆ ಹರಿದು, ಕವಲೊಡೆದು, ಒಂದಕ್ಕೊಂದು ಕೂಡಿಕೊಂಡು, ಮತ್ತೆ ಒಳಕ್ಕೆ ಸರಿಯುವ ಜೀವಂತ ಲೋಳೆಯ ಎಳೆಗಳು ಮಾತ್ರ ಇದ್ದವು. 1835ರಲ್ಲಿ ಆ ಲೋಳೆಗೆ ಅವನು 'ಸಾರ್ಕೋಡ್' ಎಂದು ಹೆಸರಿಟ್ಟ.

ನಂತರ ಅವನು ಏರೆನ್‌ಬರ್ಗನ 'ಹೊಟ್ಟೆ'ಗಳ ಕಡೆಗೆ ತಿರುಗಿದ. ಅದೇ ಜೀವಿ, ಅದೇ ಬಣ್ಣದ ಆಹಾರ. ಆದರೆ ದುಜಾರ್ಡಿನ್ ಬಣ್ಣದ ಗುಂಡುಗಳನ್ನು ಬಹಳ ಹೊತ್ತು ನೋಡಿದ. ಗುಂಡುಗಳು ಇದ್ದಲ್ಲಿ ಇರಲಿಲ್ಲ! ಬಾಯಿಯ ಬಳಿ ಹುಟ್ಟಿದ ಗುಂಡು ಮೈಯೊಳಗೆ ತೇಲುತ್ತ ಹೋಗುತ್ತಿತ್ತು. ಕರುಳಿಗೆ ಕಟ್ಟಿದ ಹೊಟ್ಟೆ ಹೀಗೆ ಊರು ಸುತ್ತಲು ಸಾಧ್ಯವೇ? ಗುಂಡುಗಳನ್ನು ಕೂಡಿಸುವ ಕರುಳು ಎಷ್ಟು ಹುಡುಕಿದರೂ ಅವನಿಗೆ ಕಾಣಲಿಲ್ಲ. ಇವು ಅಂಗಗಳಲ್ಲ, ಲೋಳೆಯಲ್ಲಿ ಆಗಿಂದಾಗ್ಗೆ ಉಂಟಾಗುವ ಪೊಳ್ಳುಗಳು ಎಂದು ಅವನು ವಾದಿಸಿದ. ನಾವು ಇಂದು ರಸದಾನಿ ಎನ್ನುವುದಕ್ಕೆ ಅವನು ಕೊಟ್ಟ ಹೆಸರು 'ವ್ಯಾಕ್ಯುಯೋಲ್'. ಇದೆಲ್ಲ 1841ರ ಅವನ ಗ್ರಂಥದಲ್ಲಿದೆ.

ಗಮನಿಸಿ ವಿದ್ಯಾರ್ಥಿಗಳೇ: ಇಬ್ಬರೂ ಒಳ್ಳೆಯ ನೋಟಗಾರರು. ಒಬ್ಬನು ಒಂದು ಕ್ಷಣದ ಚಿತ್ರವನ್ನು ಕಂಡು ಉಳಿದದ್ದನ್ನು ತನಗೆ ಗೊತ್ತಿದ್ದ ಪ್ರಾಣಿಗಳಿಂದ ತುಂಬಿಕೊಂಡ. ಇನ್ನೊಬ್ಬನು ಆ ಚಿತ್ರ ಮುಂದೆ ಏನಾಗುತ್ತದೆಂದು ಕಾದು ನೋಡಿದ.

ಕೋಶವೆಂಬ ಕೀಲಿಕೈ

ಹೊಟ್ಟೆ ಇಲ್ಲದ ಪ್ರಾಣಿ ಬದುಕುವುದು ಹೇಗೆ ಎಂಬುದಕ್ಕೆ ಉತ್ತರ ಬೇರೆ ದಿಕ್ಕಿನಿಂದ ಬಂತು. 1838ರಲ್ಲಿ ಷ್ಲೈಡನ್ ಸಸ್ಯಗಳ ವಿಷಯದಲ್ಲಿಯೂ 1839ರಲ್ಲಿ ಷ್ವಾನ್ ಪ್ರಾಣಿಗಳ ವಿಷಯದಲ್ಲಿಯೂ ದೇಹವೆಲ್ಲ ಜೀವಕೋಶಗಳಿಂದ ಆಗಿದೆ ಎಂದು ಸಾರಿದರು. 1845ರಲ್ಲಿ ಜರ್ಮನಿಯ ಸೀಬೋಲ್ಟ್ ಈ ಕೀಲಿಕೈಯನ್ನು ಕಿರುಜೀವಿಗಳ ಬೀಗಕ್ಕೆ ಹಾಕಿ ತಿರುಗಿಸಿದ. ಇಡೀ ಅಮೀಬಾ, ಇಡೀ ಪ್ಯಾರಮೀಸಿಯಂ ಒಂದೊಂದು ಜೀವಕೋಶ. ಪ್ರೋಟೊಜೋವಗಳೆಂದರೆ ಏಕಕೋಶ ಪ್ರಾಣಿಗಳು ಎಂದ. 1860ರ ದಶಕದಲ್ಲಿ ಮ್ಯಾಕ್ಸ್ ಷುಲ್ಟ್ಸೆ, ದುಜಾರ್ಡಿನ್ನನ ಸಾರ್ಕೋಡ್ ಮತ್ತು ಸಸ್ಯಪ್ರಾಣಿಗಳ ಕೋಶಗಳಲ್ಲಿರುವ ಜೀವರಸ ಒಂದೇ ಬಗೆಯದು ಎಂದು ತೋರಿಸಿದ. 1876ರಲ್ಲಿ ಬ್ಯುಚ್‌ಲಿ ಎಂಬಾತ ಏರೆನ್‌ಬರ್ಗ್ ವೃಷಣ ಎಂದದ್ದು ಕೋಶಕೇಂದ್ರವೇ ಎಂದು ಸ್ಥಿರಪಡಿಸಿದ. ಅದೇ ವರ್ಷ ಏರೆನ್‌ಬರ್ಗ್ ತೀರಿಕೊಂಡ. ಲೀವೆನ್‌ಹುಕ್‌ನ ಪತ್ರಕ್ಕೆ ಆಗ ಸರಿಯಾಗಿ ಎರಡು ನೂರು ವರ್ಷ.

ಇದು ಬರಿಯ ಹೆಸರಿನ ಜಗಳವೆಂದು ತಿಳಿಯಬೇಡಿ. 1880ರಲ್ಲಿ ಆಲ್ಜೀರಿಯದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಮಲೇರಿಯ ರೋಗಿಯ ರಕ್ತದಲ್ಲಿ ಚಲಿಸುವ ಜೀವಿಯನ್ನು ಕಂಡಾಗ, ಹಲವರು ಅವನನ್ನು ನಂಬಲಿಲ್ಲ. ಮಲೇರಿಯಕ್ಕೆ ಬ್ಯಾಕ್ಟೀರಿಯ ಕಾರಣವೆಂದು ಅವರು ಮೊದಲೇ ನಿರ್ಧರಿಸಿದ್ದರು. ಆ ಜೀವಿ ಏಕಕೋಶದ ಪ್ರೋಟೊಜೋವ ಆಗಿತ್ತು. ಅದು ಮನುಷ್ಯನ ಮೈಗೆ ಬರುವ ದಾರಿಯನ್ನು ಹುಡುಕಿದವನು ನಮ್ಮ ದೇಶದಲ್ಲಿಯೇ, ಆಲ್ಮೋರದಲ್ಲಿ ಹುಟ್ಟಿದ ರೊನಾಲ್ಡ್ ರಾಸ್. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ಬೆಂಗಳೂರಿಗೂ ಬಂದಿದ್ದ ಈ ವೈದ್ಯ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯ ಮೇಲೆ ಆ ಪರಾವಲಂಬಿಯ ಕೋಶಗಳನ್ನು ಕಂಡ. ಸೊಳ್ಳೆಯ ಜಠರ ನಿಜವಾದ ಜಠರ; ಅದರ ಗೋಡೆಗೆ ಅಂಟಿದ್ದ ಗುಂಡು ಸೊಳ್ಳೆಯದಲ್ಲದ ಇನ್ನೊಂದು ಜೀವಿ. ಯಾವುದು ಅಂಗ, ಯಾವುದು ಅಂಗವಲ್ಲ ಎಂದು ಬೇರ್ಪಡಿಸಿ ನೋಡುವ ಕಣ್ಣು ಇಲ್ಲದಿದ್ದರೆ ಆ ಗುಂಡು ಕಂಡೂ ಕಾಣದಂತೆ ಹೋಗುತ್ತಿತ್ತು.

ಸರಳ ಎಂದರೆ ಏನು?

ದುಜಾರ್ಡಿನ್ ಗೆದ್ದ ಎಂದು ಕಥೆ ಮುಗಿಸುವಂತಿಲ್ಲ. ಅವನ ದೃಷ್ಟಿಯಲ್ಲಿ ಈ ಜೀವಿಗಳು ಬಹುಮಟ್ಟಿಗೆ ಸರಳವಾದ ಲೋಳೆ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೊಂದು ಲೋಮಾಂಗದ ಒಳಗೂ ಸುತ್ತ ಒಂಬತ್ತು ಜೋಡಿ, ನಡುವೆ ಎರಡು ಸೂಕ್ಷ್ಮ ಕೊಳವೆಗಳು ಕಂಡವು. ನಮ್ಮ ಶ್ವಾಸನಾಳದ ಒಳಗೋಡೆಯ ಲೋಮಾಂಗಗಳಲ್ಲೂ ಅದೇ ರಚನೆ! ಸಂಕೋಚಕ ರಸದಾನಿ, ಮೈಯೊಳಗೆ ನುಗ್ಗುವ ನೀರನ್ನು ಹೊರಕ್ಕೆ ಎತ್ತಿ ಹಾಕುವ ಪಂಪು. ಯೂಗ್ಲೀನಾದ ಕೆಂಪು ಚುಕ್ಕೆ ಕಣ್ಣಲ್ಲ; ಆದರೆ ಕಶಾಂಗದ ಬುಡದಲ್ಲಿರುವ ಬೆಳಕು ಗ್ರಹಿಸುವ ಭಾಗಕ್ಕೆ ನೆರಳು ನೀಡಿ, ಬೆಳಕಿನ ದಿಕ್ಕು ತಿಳಿಯಲು ನೆರವಾಗುತ್ತದೆ. ಹಾಗಾಗಿ 'ಪರಿಪೂರ್ಣ ಜೀವಿ' ಎಂಬ ಏರೆನ್‌ಬರ್ಗನ ಮಾತು ಬೇರೊಂದು ಅರ್ಥದಲ್ಲಿ ನಿಜವಾಯಿತು. ಅವು ಪರಿಪೂರ್ಣವೇ, ಆದರೆ ನಮ್ಮ ಹಾಗೆ ಅಲ್ಲ, ತಮ್ಮ ಹಾಗೆ.

ಇನ್ನೊಂದು ಕೊಂಡಿಯೂ ಸಿಕ್ಕಿತು. 1860ರ ದಶಕದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್ ಕ್ಲಾರ್ಕ್, ಸ್ಪಂಜಿನೊಳಗೆ ನೀರು ಹರಿಸುವ ಕೊರಳುಪಟ್ಟಿಯ ಕೋಶಗಳು ಒಂದು ಬಗೆಯ ಏಕಕೋಶ ಜೀವಿಗಳನ್ನೇ ಹೋಲುತ್ತವೆ ಎಂದು ಗುರುತಿಸಿದ್ದ. ವಂಶವಾಹಿಗಳ ಅಧ್ಯಯನದಿಂದ ಈಗ ತಿಳಿದಿರುವಂತೆ, ಕೊಯನೋಫ್ಲಾಜೆಲೇಟ್ ಎಂಬ ಆ ಜೀವಿಗಳೇ ಎಲ್ಲ ಪ್ರಾಣಿಗಳಿಗೂ ಅತಿ ಹತ್ತಿರದ ಏಕಕೋಶ ಬಂಧುಗಳು. ಪ್ರೋಟೊಜೋವ ಎಂಬ ಹೆಸರು ಬಳಕೆಯಲ್ಲಿದ್ದರೂ ಅದರಡಿ ಬರುವ ಜೀವಿಗಳೆಲ್ಲ ಒಂದೇ ವಂಶದವಲ್ಲ ಎಂಬುದೂ ಈಗ ಸ್ಪಷ್ಟವಾಗಿದೆ.

ನೀವೂ ನೋಡಿ

ಏರೆನ್‌ಬರ್ಗನ ಪ್ರಯೋಗವನ್ನು ನೀವೂ ಮಾಡಬಹುದು. ಭತ್ತದ ಹುಲ್ಲನ್ನು ನೀರಿನಲ್ಲಿ ಕುದಿಸಿ, ಆರಿಸಿ, ಅದಕ್ಕೆ ಸ್ವಲ್ಪ ಕೆರೆಯ ನೀರು ಬೆರೆಸಿ ಕೆಲವು ದಿನ ಇಡಿ. ಹನಿಯೊಂದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ಯಾರಮೀಸಿಯಂ ಸಿಗಬಹುದು. ಕಾಲೇಜಿನ ಪ್ರಯೋಗಾಲಯದಲ್ಲಾದರೆ, ಉಪನ್ಯಾಸಕರ ಮೇಲ್ವಿಚಾರಣೆಯಲ್ಲಿ, ಕಾಂಗೋ ರೆಡ್ ಬಣ್ಣದಲ್ಲಿ ಕುದಿಸಿದ ಯೀಸ್ಟನ್ನು ಅವಕ್ಕೆ ತಿನ್ನಿಸಿ. ಈ ಬಣ್ಣ ವಿಷಕಾರಿಯಾದ್ದರಿಂದ ಕೈಗೆ ಸೋಕಿಸಬೇಡಿ. ಕೆಂಪು ಗುಂಡುಗಳು ಮೂಡಿ, ಮೈಯೊಳಗೆ ಸಾಗುತ್ತ, ಆಮ್ಲ ಹೆಚ್ಚಿದಂತೆ ನೀಲಿಗೆ ತಿರುಗಿ, ಮತ್ತೆ ಕೆಂಪಾಗುವುದನ್ನು ಕಾಣಬಹುದು. ಅಂದರೆ ಅಲ್ಲಿ ಜೀರ್ಣಕ್ರಿಯೆ ನಡೆಯುತ್ತಿದೆ. ಹೊಟ್ಟೆ ಇಲ್ಲ, ಹೊಟ್ಟೆಯ ಕೆಲಸ ಇದೆ!

ಮುಂದಿನ ಬಾರಿ ಚಿತ್ರ ಬರೆದು ಭಾಗಗಳನ್ನು ಗುರುತಿಸುವಾಗ ಪೆನ್ಸಿಲನ್ನು ಒಂದು ಕ್ಷಣ ನಿಲ್ಲಿಸಿ. ಬಾಣದ ತುದಿಯಲ್ಲಿ ಬರೆಯುತ್ತಿರುವ ಹೆಸರು ಅಲ್ಲಿ ನಿಜವಾಗಿ ನಡೆಯುವ ಕೆಲಸವನ್ನು ಹೇಳುತ್ತಿದೆಯೇ ಎಂದು ಕೇಳಿಕೊಳ್ಳಿ. ಆ ಪ್ರಶ್ನೆಯನ್ನು ಕೇಳಿದವರಿಂದಲೇ ಹನಿಯೊಳಗಿನ ಒಡಲು ನಮಗೆ ತೆರೆದುಕೊಂಡಿತು.